ಜಾಂಗೋದಿಂದ ಇಮೇಲ್: ಸೆಂಡ್_ಮೇಲ್ ಸಾಲಿನಿಂದ ಬೆಳೆಗಾರರ ಇನ್‌ಬಾಕ್ಸ್‌ವರೆಗೆ

ಶಿರಸಿ ಕಡೆಯ ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘಕ್ಕೆ ನಾನು ವೆಬ್ ಅಪ್ಲಿಕೇಶನ್ ಬರೆದು ನೋಡಿಕೊಳ್ಳುತ್ತಿದ್ದೇನೆ. ಸದಸ್ಯರು ತಂದ ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು ಬಗೆಗಳ ಅಡಿಕೆ ಟೆಂಡರ್‌ನಲ್ಲಿ ಮಾರಾಟವಾದ ಸಂಜೆ ಪ್ರತಿಯೊಬ್ಬರಿಗೂ ಒಂದು ಇಮೇಲ್ ಹೋಗುತ್ತದೆ. ಯಾವ ಲಾಟು, ಎಷ್ಟು ತೂಕ, ಕ್ವಿಂಟಲ್‌ಗೆ ಯಾವ ದರ, ಖರ್ಚು ಕಳೆದು ಖಾತೆಗೆ ಎಷ್ಟು ಜಮಾ ಎಂಬ ವಿವರ ಅದರಲ್ಲಿರುತ್ತದೆ. ಅನೇಕ ಮನೆಗಳಲ್ಲಿ ಅದನ್ನು ಓದುವವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗ ಅಥವಾ ಮಗಳು. ಓದಿ ಊರಿಗೆ ಫೋನ್ ಮಾಡಿ ಹೇಳುತ್ತಾರೆ. ವರ್ಷದ ದುಡಿಮೆಯ ಲೆಕ್ಕ ಅದು. ಬರಲೇಬೇಕು, ಒಂದೇ ಸಲ ಬರಬೇಕು, ಸರಿಯಾದ ಅಂಕಿಯೊಂದಿಗೆ ಬರಬೇಕು.

ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್ ಆದ ಜಾಂಗೋದಲ್ಲಿ ಇಮೇಲ್ ಕಳುಹಿಸಲು ಒಂದು ಸಾಲು ಸಾಕು. ಆ ಒಂದು ಸಾಲನ್ನು ಯಾವ ಕ್ಷಣದಲ್ಲಿ ಕರೆಯಬೇಕು, ಯಾರ ಹೆಸರಿನಲ್ಲಿ ಕಳುಹಿಸಬೇಕು, ಹೋಗದಿದ್ದರೆ ಅದು ಯಾರಿಗೆ ತಿಳಿಯಬೇಕು ಎಂಬುದನ್ನು ಮಾತ್ರ ನಾವೇ ತೀರ್ಮಾನಿಸಬೇಕು. ಫ್ರೇಮ್‌ವರ್ಕ್ ಅದನ್ನು ತೀರ್ಮಾನಿಸಿ ಕೊಡುವುದಿಲ್ಲ. ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಓದುವಾಗ ಒಂದು ವಿಷಯ ಗಮನದಲ್ಲಿರಲಿ. ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟ ಫಂಕ್ಷನ್ ಮತ್ತು ಸೆಟ್ಟಿಂಗ್ ಹೆಸರುಗಳನ್ನು ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಸೆಟ್ಟಿಂಗ್‌ಗಳೆಲ್ಲ ದೊಡ್ಡಕ್ಷರ, ಫಂಕ್ಷನ್‌ಗಳೆಲ್ಲ ಚಿಕ್ಕಕ್ಷರ, ಪದಗಳ ನಡುವೆ ಅಡಿಗೆರೆ. ಕ್ಲಾಸ್‌ಗಳ ಹೆಸರಿನಲ್ಲಿ ಅಡಿಗೆರೆ ಇಲ್ಲ, ಪ್ರತಿ ಪದದ ಮೊದಲ ಅಕ್ಷರ ಮಾತ್ರ ದೊಡ್ಡದು.

ಮೊದಲು ಕನ್ಸೋಲ್‌ಗೆ

ಹೊಸಬರು ನೇರವಾಗಿ ಜಿಮೇಲ್ ಪಾಸ್‌ವರ್ಡ್ ಹಾಕಿ ನಿಜವಾದ ಮೇಲ್ ಕಳುಹಿಸಿ ನೋಡುತ್ತಾರೆ. ಹಾಗೆ ಮಾಡಬೇಡಿ. ಬರೆಯುತ್ತಿರುವ ಕೋಡ್ ನಿಮ್ಮ ಕಂಪ್ಯೂಟರಿನಲ್ಲಿರುವಷ್ಟು ದಿನ ಒಂದು ಮೇಲ್ ಕೂಡ ಹೊರಗೆ ಹೋಗಬಾರದು. ಪರೀಕ್ಷೆಗೆಂದು ಸದಸ್ಯರ ನಿಜವಾದ ಡೇಟಾಬೇಸ್ ನಕಲು ಇಟ್ಟುಕೊಂಡಿದ್ದರಂತೂ ಈ ನಿಯಮ ಪ್ರಾಣ ಕಾಯುವಂಥದ್ದು.

ಜಾಂಗೋದಲ್ಲಿ ಮೇಲ್ ಹೊರಡುವ ದಾರಿಗೆ ಬ್ಯಾಕೆಂಡ್ ಎನ್ನುತ್ತಾರೆ. ಇಮೇಲ್_ಬ್ಯಾಕೆಂಡ್ ಎಂಬ ಸೆಟ್ಟಿಂಗ್ ಅದನ್ನು ಆರಿಸುತ್ತದೆ. ಏನೂ ಹೇಳದಿದ್ದರೆ ಎಸ್‌ಎಂಟಿಪಿ, ಅಂದರೆ ಮೇಲ್ ಸರ್ವರ್‌ಗೆ ನಿಜವಾಗಿ ಮೇಲ್ ಒಪ್ಪಿಸುವ ಬ್ಯಾಕೆಂಡ್. ಅಭಿವೃದ್ಧಿಯ ಸೆಟ್ಟಿಂಗ್ ಕಡತದಲ್ಲಿ ಅದನ್ನು ಜಾಂಗೋ.ಕೋರ್.ಮೇಲ್.ಬ್ಯಾಕೆಂಡ್ಸ್.ಕನ್ಸೋಲ್ ಒಳಗಿನ ಇಮೇಲ್‌ಬ್ಯಾಕೆಂಡ್‌ಗೆ ಬದಲಿಸಿ. ಆಗ ಪ್ರತಿಯೊಂದು ಮೇಲ್ ಟರ್ಮಿನಲ್‌ನಲ್ಲಿ ಅಚ್ಚಾಗುತ್ತದೆ. ಕಡತಗಳಾಗಿ ಉಳಿಯಬೇಕೆಂದರೆ ಫೈಲ್‌ಬೇಸ್ಡ್ ಎಂಬ ಇನ್ನೊಂದು ಬ್ಯಾಕೆಂಡ್ ಇದೆ; ಇಮೇಲ್_ಫೈಲ್_ಪಾತ್ ಎಂಬಲ್ಲಿ ಫೋಲ್ಡರ್ ಹೆಸರು ಕೊಟ್ಟರಾಯಿತು.

ಕನ್ಸೋಲ್‌ನಲ್ಲಿ ಕನ್ನಡದ ಮೇಲ್ ನೋಡಿದಾಗ ವಿಷಯದ ಸಾಲು ಓದಲು ಬಾರದ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಕಾಣುತ್ತದೆ. ಅದು ದೋಷವಲ್ಲ. ಇಮೇಲ್‌ನ ತಲೆಸಾಲುಗಳು ಮೂಲದಲ್ಲಿ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಮಾತ್ರ ಸೀಮಿತವಾಗಿದ್ದವು. ಬೇರೆ ಲಿಪಿಗಳನ್ನು ಅವುಗಳೊಳಗೆ ಕೂರಿಸುವ ವಿಧಾನವನ್ನು 1996ರಲ್ಲಿ ಬಂದ ಆರ್‌ಎಫ್‌ಸಿ 2047 ಎಂಬ ಇಂಟರ್ನೆಟ್ ಮಾನದಂಡ ಹೇಳುತ್ತದೆ, ಜಾಂಗೋ ಅದನ್ನು ತಾನಾಗಿ ಪಾಲಿಸುತ್ತದೆ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ, ಬೈಟ್‌ಗಳನ್ನು ಸಾದಾ ಅಕ್ಷರಗಳಲ್ಲಿ ಬರೆಯುವ ಬೇಸ್64ಕ್ಕೆ ಅದನ್ನು ಬದಲಿಸಿದಾಗ 4 ಅಕ್ಷರವಾಗುತ್ತದೆ. ಶಿರಸಿ ಎಂಬ ಪದದಲ್ಲಿ ಸಂಕೇತಗಳು 5, ಬೈಟ್‌ಗಳು 15, ಮೇಲ್‌ನ ತಲೆಯಲ್ಲಿ ಅದು 20 ಅಕ್ಷರ. ಓದುಗರ ಫೋನು ಅದನ್ನು ಮತ್ತೆ ಕನ್ನಡ ಮಾಡಿಕೊಳ್ಳುತ್ತದೆ. ಒಡಲಿನಲ್ಲೂ ಹೀಗೆಯೇ ಒಂದು ಮಿತಿ ಇದೆ: ಮೇಲ್‌ನ ಒಂದು ಸಾಲು 998 ಅಕ್ಷರ ಮೀರಬಾರದು. ನಡುವೆ ಎಂಟರ್ ಒತ್ತದೆ ಬರೆದ ಕನ್ನಡ ಪ್ಯಾರಾ ಅದನ್ನು ಬೇಗ ದಾಟುತ್ತದೆ. ಆಗ ಜಾಂಗೋ ಆ ಒಡಲನ್ನು ಬೇರೆ ರೀತಿಯಲ್ಲಿ ಸಂಕೇತೀಕರಿಸುತ್ತದೆ, ಕನ್ಸೋಲ್‌ನಲ್ಲಿ ಇಡೀ ಪ್ಯಾರಾ ಓದಲಾಗದ ಸಂಕೇತಗಳ ರಾಶಿಯಾಗಿ ಕಾಣುತ್ತದೆ. ಅದೂ ಸರಿಯೇ.

ಸೆಂಡ್_ಮೇಲ್ ಏನು ಕೇಳುತ್ತದೆ, ಏನು ಹೇಳುತ್ತದೆ

ಜಾಂಗೋ.ಕೋರ್.ಮೇಲ್‌ನಿಂದ ಸೆಂಡ್_ಮೇಲ್ ಅನ್ನು ಇಂಪೋರ್ಟ್ ಮಾಡಿಕೊಳ್ಳಿ. ಅದಕ್ಕೆ ನಾಲ್ಕು ಸಂಗತಿ ಕೊಡಬೇಕು: ಸಬ್ಜೆಕ್ಟ್ ಅಂದರೆ ವಿಷಯ, ಮೆಸೇಜ್ ಅಂದರೆ ಸಾದಾ ಪಠ್ಯದ ಒಡಲು, ಫ್ರಮ್_ಇಮೇಲ್ ಅಂದರೆ ಕಳುಹಿಸುವವರ ವಿಳಾಸ, ರೆಸಿಪಿಯಂಟ್_ಲಿಸ್ಟ್ ಅಂದರೆ ಪಡೆಯುವವರ ಪಟ್ಟಿ. ಎಲ್ಲವನ್ನೂ ಹೆಸರು ಹೇಳಿಯೇ ಕೊಡಿ, ಸ್ಥಾನದ ಮೇಲೆ ನಂಬಿಕೆ ಇಡಬೇಡಿ. ಆರು ತಿಂಗಳ ನಂತರ ಕೋಡ್ ಓದುವವರಿಗೆ ಅನುಕೂಲ. ಕಳುಹಿಸುವವರ ಜಾಗದಲ್ಲಿ ನನ್ ಎಂಬ ಖಾಲಿ ಮೌಲ್ಯ ಕೊಟ್ಟರೆ ಡೀಫಾಲ್ಟ್_ಫ್ರಮ್_ಇಮೇಲ್ ಸೆಟ್ಟಿಂಗ್‌ನಲ್ಲಿ ಇದ್ದದ್ದು ಬಳಕೆಯಾಗುತ್ತದೆ. ಆ ಸೆಟ್ಟಿಂಗ್ ಮುಟ್ಟದಿದ್ದರೆ ಲೋಕಲ್‌ಹೋಸ್ಟ್‌ನ ವೆಬ್‌ಮಾಸ್ಟರ್ ಎಂಬ ವಿಳಾಸದಿಂದ ಮೇಲ್ ಹೊರಡುತ್ತದೆ, ಅದನ್ನು ಯಾವ ಸರ್ವರ್ ಕೂಡ ಗೌರವಿಸುವುದಿಲ್ಲ. ಪಡೆಯುವವರು ಒಬ್ಬರೇ ಆದರೂ ಪಟ್ಟಿಯೊಳಗೇ ಇಡಬೇಕು. ಬರೀ ಸ್ಟ್ರಿಂಗ್ ಕೊಟ್ಟರೆ ಟೈಪ್ಎರರ್ ಬರುತ್ತದೆ.

ಐದನೆಯದಾಗಿ ಫೇಲ್_ಸೈಲೆಂಟ್ಲಿ ಎಂಬ ಆಯ್ಕೆ ಇದೆ. ಅದನ್ನು ಟ್ರೂ ಮಾಡಿದರೆ ಮೇಲ್ ಹೋಗದಿದ್ದರೂ ಫಂಕ್ಷನ್ ಸದ್ದಿಲ್ಲದೆ ಮುಗಿಯುತ್ತದೆ. ಹಣದ ಲೆಕ್ಕ ಕಳುಹಿಸುವ ಯಾವ ಕೋಡ್‌ನಲ್ಲಿಯೂ ಇದನ್ನು ಟ್ರೂ ಮಾಡಲು ನಾನು ಒಪ್ಪುವುದಿಲ್ಲ. ದೋಷ ಎದ್ದು ಬರಲಿ, ಅದನ್ನು ಹಿಡಿದು ದಾಖಲಿಸುವುದು ನಮ್ಮ ಕೆಲಸ.

ಕೆಲಸ ಮುಗಿದಾಗ ಸೆಂಡ್_ಮೇಲ್ ಒಂದು ಸಂಖ್ಯೆ ಹಿಂದಿರುಗಿಸುತ್ತದೆ, 1 ಅಥವಾ 0. ಈ 1 ಅನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವವರು ಬಹಳ. ಮೂಟೆಯನ್ನು ಲಾರಿಗೆ ಏರಿಸಿದ ಹಮಾಲರು ಆಯಿತು ಎಂದರೆ ಮೂಟೆ ಲಾರಿ ಏರಿತು ಎಂದಷ್ಟೇ ಅರ್ಥ, ಊರು ಮುಟ್ಟಿತು ಎಂದಲ್ಲ. ಇಲ್ಲಿಯೂ ಹಾಗೆಯೇ: ನಿಮ್ಮ ಮುಂದಿನ ಮೇಲ್ ಸರ್ವರ್ ಅದನ್ನು ಸ್ವೀಕರಿಸಿತು, ಅಷ್ಟೇ. ಆ ಬಳಿಕ ಮೇಲ್ ಸ್ಪ್ಯಾಮ್‌ಗೆ ಬೀಳಬಹುದು, ವಿಳಾಸ ಇಲ್ಲವೆಂದು ವಾಪಸಾಗಬಹುದು, ತುಂಬಿದ ಮೇಲ್‌ಬಾಕ್ಸ್ ಎದುರು ಗಂಟೆಗಟ್ಟಲೆ ಕಾಯಬಹುದು. ಆದ್ದರಿಂದ ನಮ್ಮ ಪರದೆಯಲ್ಲಿ ತಲುಪಿದೆ ಎಂದು ಎಲ್ಲಿಯೂ ಬರೆದಿಲ್ಲ. ಕಳುಹಿಸಲಾಗಿದೆ ಎಂದು ಮಾತ್ರ ಇದೆ.

ಪಡೆಯುವವರ ಪಟ್ಟಿಯ ಬಗ್ಗೆ ಇನ್ನೊಂದು ಮಾತು, ಇದು ಮುಖ್ಯವಾದದ್ದು. ಒಂದೇ ಸೆಂಡ್_ಮೇಲ್ ಕರೆಯಲ್ಲಿ ನೂರು ವಿಳಾಸ ಹಾಕಿದರೆ ಆ ನೂರು ಜನರೂ ಒಬ್ಬರ ವಿಳಾಸ ಇನ್ನೊಬ್ಬರು ನೋಡುತ್ತಾರೆ. ವಾರ್ಷಿಕ ಸಭೆಯ ಸೂಚನೆಯೇ ಆದರೂ ಸದಸ್ಯರ ವಿಳಾಸಗಳನ್ನು ಹೀಗೆ ಹಂಚಲು ನಮಗೆ ಹಕ್ಕಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಮೇಲ್ ಕಟ್ಟಿ. ಅದಕ್ಕೆ ಸೆಂಡ್_ಮಾಸ್_ಮೇಲ್ ಇದೆ: ವಿಷಯ, ಒಡಲು, ಕಳುಹಿಸುವವರು, ಪಡೆಯುವವರ ಪಟ್ಟಿ ಎಂಬ ನಾಲ್ಕು ಅಂಶಗಳ ಟ್ಯೂಪಲ್‌ಗಳನ್ನು ಸಾಲಾಗಿ ಕೊಟ್ಟರೆ ಒಂದೇ ಸಂಪರ್ಕದಲ್ಲಿ ಎಲ್ಲವನ್ನೂ ಬಿಡಿಬಿಡಿಯಾಗಿ ಕಳುಹಿಸುತ್ತದೆ. ಸೆಂಡ್_ಮೇಲ್ ಅನ್ನು ಲೂಪ್‌ನಲ್ಲಿ ಕರೆದರೆ ಪ್ರತಿ ಸಲವೂ ಸರ್ವರ್‌ಗೆ ಹೊಸದಾಗಿ ಸಂಪರ್ಕ, ಹೊಸದಾಗಿ ಲಾಗಿನ್. ಟೆಂಡರ್ ಇದ್ದ ದಿನ ಅದು ನಿಧಾನವೂ ಹೌದು, ಕೆಲವು ಮೇಲ್ ಸರ್ವರ್‌ಗಳು ಇದನ್ನು ಅನುಮಾನದಿಂದ ನೋಡುವುದೂ ಹೌದು.

ಟೆಂಪ್ಲೇಟಿನಲ್ಲಿ ಅಡಗಿರುವ ಎರಡು ಹೊಂಡಗಳು

ಮೇಲ್‌ನ ಮಾತುಗಳನ್ನು ಪೈಥಾನ್ ಕೋಡ್‌ನೊಳಗೆ ಬರೆಯಬೇಡಿ. ಸಂಘದ ಕಾರ್ಯದರ್ಶಿಯವರು ಒಂದು ವಾಕ್ಯ ತಿದ್ದಲು ಹೇಳಿದಾಗ ಕೋಡ್ ಮುಟ್ಟುವಂತಾಗಬಾರದು. ವಿಷಯಕ್ಕೆ ಒಂದು, ಸಾದಾ ಪಠ್ಯಕ್ಕೆ ಒಂದು, ಎಚ್‌ಟಿಎಂಎಲ್‌ಗೆ ಒಂದು, ಹೀಗೆ ಮೂರು ಟೆಂಪ್ಲೇಟ್ (ಹೆಸರು, ಅಂಕಿ ತುಂಬಲು ಜಾಗ ಬಿಟ್ಟ ಮಾದರಿ) ಕಡತ ಮಾಡಿ ರೆಂಡರ್_ಟು_ಸ್ಟ್ರಿಂಗ್ ಎಂಬ ಸಹಾಯಕ ಫಂಕ್ಷನ್‌ನಿಂದ ಪಠ್ಯ ಪಡೆಯಿರಿ.

ಮೊದಲ ಹೊಂಡ ವಿಷಯದ ಕಡತದಲ್ಲಿದೆ. ನಿಮ್ಮ ಎಡಿಟರ್ ಕಡತದ ಕೊನೆಯಲ್ಲಿ ತಾನಾಗಿ ಒಂದು ಹೊಸಸಾಲು ಸೇರಿಸಿರುತ್ತದೆ. ವಿಷಯದಲ್ಲಿ ಹೊಸಸಾಲು ಇದ್ದರೆ ಜಾಂಗೋ ವ್ಯಾಲ್ಯೂಎರರ್ (6.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಬ್ಯಾಡ್‌ಹೆಡರ್‌ಎರರ್) ಎಂದು ನಿಲ್ಲಿಸಿಬಿಡುತ್ತದೆ. ನಿಲ್ಲಿಸುವುದು ಸರಿಯಾಗಿಯೇ ಇದೆ: ಹೆಸರು ತುಂಬುವ ಜಾಗದಲ್ಲಿ ಯಾರಾದರೂ ಹೊಸಸಾಲು ತುರುಕಿ ಅದರ ಕೆಳಗೆ ತಮ್ಮದೇ ತಲೆಸಾಲು ಸೇರಿಸಿದರೆ ನಿಮ್ಮ ಸರ್ವರ್‌ನಿಂದ ಸಾವಿರಾರು ಜನರಿಗೆ ಸ್ಪ್ಯಾಮ್ ಹೋಗಬಹುದು. ಆ ಕಾವಲನ್ನು ಕೆಡಿಸದೆ, ವಿಷಯದ ಪಠ್ಯವನ್ನು ಸಾಲುಗಳಾಗಿ ಒಡೆದು ಖಾಲಿ ಸ್ಟ್ರಿಂಗ್‌ನಿಂದ ಜೋಡಿಸಿ. ಜಾಂಗೋ ತನ್ನ ಪಾಸ್‌ವರ್ಡ್ ಮರುಹೊಂದಿಸುವ ಮೇಲ್‌ನಲ್ಲಿ ಮಾಡುವುದೂ ಇದನ್ನೇ.

ಎರಡನೆಯದು ಸಾದಾ ಪಠ್ಯದಲ್ಲಿದೆ. ಜಾಂಗೋ ಟೆಂಪ್ಲೇಟ್‌ಗಳು ಎಚ್‌ಟಿಎಂಎಲ್ ಸುರಕ್ಷತೆಗಾಗಿ ಕೆಲವು ಚಿಹ್ನೆಗಳನ್ನು ಬದಲಿಸುತ್ತವೆ. ಕಡತ ಸಾದಾ ಪಠ್ಯದ್ದು ಎಂದು ಅವಕ್ಕೆ ತಿಳಿಯದು. ಖರೀದಿದಾರ ಅಂಗಡಿಯ ಹೆಸರಿನಲ್ಲಿ ಆ್ಯಂಪರ್‌ಸ್ಯಾಂಡ್ ಚಿಹ್ನೆ ಇದ್ದರೆ ಮೇಲ್‌ನಲ್ಲಿ ಅದರ ಜಾಗಕ್ಕೆ ಎಚ್‌ಟಿಎಂಎಲ್ ಸಂಕೇತ ಬಂದು ಕೂರುತ್ತದೆ. ಸಾದಾ ಪಠ್ಯದ ಮತ್ತು ವಿಷಯದ ಟೆಂಪ್ಲೇಟ್‌ಗಳನ್ನು ಆಟೋಎಸ್ಕೇಪ್ ಆಫ್ ಟ್ಯಾಗ್‌ನೊಳಗೆ ಇಡಿ. ಎಚ್‌ಟಿಎಂಎಲ್ ಟೆಂಪ್ಲೇಟ್‌ನಲ್ಲಿ ಮಾತ್ರ ಎಂದಿಗೂ ಹಾಗೆ ಮಾಡಬೇಡಿ.

ಕೊಂಡಿಗಳು ಪೂರ್ಣ ವಿಳಾಸವಾಗಿರಬೇಕು ಎಂಬುದೂ ಇಲ್ಲೇ ಹೇಳಬೇಕಾದ ಮಾತು. ಪುಟದಲ್ಲಿ ಅರ್ಧ ವಿಳಾಸ ನಡೆಯುತ್ತದೆ, ಮೇಲ್‌ನಲ್ಲಿ ನಡೆಯುವುದಿಲ್ಲ. ಬ್ರೌಸರ್ ಕಳುಹಿಸಿದ ರಿಕ್ವೆಸ್ಟ್ ಕೈಯಲ್ಲಿದ್ದರೆ ಬಿಲ್ಡ್_ಅಬ್ಸಲ್ಯೂಟ್_ಯುಆರ್‌ಐ ಕೆಲಸ ಮಾಡುತ್ತದೆ. ರಾತ್ರಿ ಓಡುವ ಕಮಾಂಡ್‌ನಲ್ಲಿ ರಿಕ್ವೆಸ್ಟ್ ಇರುವುದಿಲ್ಲವಾದ್ದರಿಂದ ಸೈಟ್‌ನ ವಿಳಾಸವನ್ನು ಒಂದು ಸೆಟ್ಟಿಂಗ್ ಆಗಿ ಇಟ್ಟುಕೊಳ್ಳುವುದು ನನಗೆ ಸಲೀಸು ಎನಿಸಿದೆ.

ಕನ್ನಡದಲ್ಲಿ ಮೇಲ್

ಸದಸ್ಯರ ನೋಂದಣಿಯಲ್ಲಿ ಭಾಷೆಯನ್ನೂ ಕೇಳಿ. ನಮ್ಮಲ್ಲಿ ಬಹುಪಾಲು ಕನ್ನಡ, ಕೆಲವರಿಗೆ ಇಂಗ್ಲಿಷ್. ವೆಬ್ ಪುಟದಲ್ಲಿ ಬಳಕೆದಾರರ ಭಾಷೆಯನ್ನು ಜಾಂಗೋ ರಿಕ್ವೆಸ್ಟ್‌ನಿಂದ ತಿಳಿದುಕೊಳ್ಳುತ್ತದೆ, ಆದರೆ ಹಿನ್ನೆಲೆಯಲ್ಲಿ ಓಡುವ ಕೆಲಸಕ್ಕೆ ಆ ಸುಳಿವಿಲ್ಲ. ಟೆಂಪ್ಲೇಟ್ ರೆಂಡರ್ ಮಾಡುವ ಸಾಲುಗಳನ್ನು ಟ್ರಾನ್ಸ್‌ಲೇಶನ್.ಓವರ್‌ರೈಡ್ ಎಂಬ ವಿತ್ ಬ್ಲಾಕ್‌ನೊಳಗೆ, ಆ ಸದಸ್ಯರ ಭಾಷಾ ಸಂಕೇತ ಕೊಟ್ಟು ಇಡಿ. ವಿಷಯದ ಸಾಲನ್ನು ಆ ಬ್ಲಾಕ್‌ನ ಹೊರಗೆ ರೆಂಡರ್ ಮಾಡಿದರೆ ವಿಷಯ ಇಂಗ್ಲಿಷ್, ಒಡಲು ಕನ್ನಡವಾಗಿ ಹೋಗುತ್ತದೆ; ಬೇರೆಯವರ ಕೋಡ್ ಪರಿಶೀಲಿಸುವಾಗ ನಾನು ಮೊದಲು ಹುಡುಕುವುದು ಇದನ್ನೇ.

ಅಂಕಿಗಳಲ್ಲಿ ನಮ್ಮ ಓದುಗರಿಗೆ 1,25,000 ಬೇಕು, 125,000 ಅಲ್ಲ. ಬೆಳೆಗಾರರು ಮೊತ್ತವನ್ನು ಲಕ್ಷದಲ್ಲಿ ಓದುತ್ತಾರೆ, ಅಲ್ಪವಿರಾಮ ಜಾಗ ತಪ್ಪಿದರೆ ಕಣ್ಣು ತಡವರಿಸುತ್ತದೆ. ಫಾರ್ಮ್ಯಾಟ್_ಮಾಡ್ಯೂಲ್_ಪಾತ್ ಮೂಲಕ ಕನ್ನಡಕ್ಕೆ ನಿಮ್ಮದೇ ಫಾರ್ಮ್ಯಾಟ್ ಕಡತ ಕೊಟ್ಟು, ಅದರಲ್ಲಿ ನಂಬರ್_ಗ್ರೂಪಿಂಗ್ ಅನ್ನು 3, 2, 0 ಎಂಬ ಟ್ಯೂಪಲ್ ಮಾಡಿ, ಸೆಟ್ಟಿಂಗ್ ಕಡತದಲ್ಲಿ ಯೂಸ್_ಥೌಸಂಡ್_ಸೆಪರೇಟರ್ ಅನ್ನು ಟ್ರೂ ಮಾಡಿ. ಮೊದಲ ಗುಂಪು ಮೂರು ಅಂಕಿ, ಮುಂದಿನವೆಲ್ಲ ಎರಡೆರಡು.

ವಿಷಯದ ಸಾಲಿನಲ್ಲಿ ಮುಖ್ಯ ಮಾತು ಮೊದಲಿಗೆ ಬರಲಿ. ಫೋನ್ ಪರದೆಯಲ್ಲಿ ಸ್ವಲ್ಪವೇ ಕಾಣುವುದು. ಸಂಘದ ಪೂರ್ಣ ಹೆಸರಿನಿಂದ ಶುರುವಾದರೆ ಜಾಗವೆಲ್ಲ ಅದಕ್ಕೇ ಮುಗಿಯುತ್ತದೆ. ಆ ಹೆಸರು ಕಳುಹಿಸುವವರ ಜಾಗದಲ್ಲಿ ಹೇಗೂ ಇದೆ. ಅಡಿಕೆ ಮಾರಾಟ, ಲಾಟು ಸಂಖ್ಯೆ, ದಿನಾಂಕ, ಇಷ್ಟು ಸಾಕು. ಮೊತ್ತವನ್ನು ವಿಷಯದಲ್ಲಿ ಹಾಕಬೇಡಿ. ಬೀಗ ಹಾಕಿದ ಫೋನಿನ ಪರದೆಯ ಮೇಲೂ ಅದು ಮೂಡುತ್ತದೆ, ಒಂದು ಮನೆಯ ಆದಾಯ ಪಕ್ಕದಲ್ಲಿ ಕೂತವರಿಗೆ ಕಾಣಬೇಕಾಗಿಲ್ಲ.

ಎಚ್‌ಟಿಎಂಎಲ್ ರೂಪ ಬೇಕಾದರೆ ಸೆಂಡ್_ಮೇಲ್‌ನ ಎಚ್‌ಟಿಎಂಎಲ್_ಮೆಸೇಜ್ ಆಯ್ಕೆಯಲ್ಲಿ ಅದನ್ನು ಕೊಡಬಹುದು. ಕಡತ ಲಗತ್ತಿಸುವುದು, ಉತ್ತರದ ವಿಳಾಸ ಬೇರೆ ಕೊಡುವುದು ಇತ್ಯಾದಿ ಬಂದಾಗ ಇಮೇಲ್‌ಮಲ್ಟಿಆಲ್ಟರ್ನೇಟಿವ್ಸ್ ಎಂಬ ಕ್ಲಾಸ್‌ಗೆ ಬದಲಾಯಿಸಿ, ಎಚ್‌ಟಿಎಂಎಲ್ ಅನ್ನು ಅಟ್ಯಾಚ್_ಆಲ್ಟರ್ನೇಟಿವ್ ಮೂಲಕ ಸೇರಿಸಿ. ಸಾದಾ ಪಠ್ಯವನ್ನು ಮಾತ್ರ ಬಿಡಬೇಡಿ, ಅದನ್ನೇ ಮೊದಲು ಬರೆಯಿರಿ. ಅಕ್ಷರಶೈಲಿ ಹೇರಬೇಡಿ, ಫೋನಿನಲ್ಲಿರುವ ಕನ್ನಡ ಫಾಂಟ್ ಚೆನ್ನಾಗಿಯೇ ಇರುತ್ತದೆ. ಸಾಲಿನ ಎತ್ತರ ಮಾತ್ರ 1.6ರಷ್ಟು ಇಡಿ, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಜಿಮೇಲ್ ಸುಮಾರು 102 ಕಿಲೋಬೈಟ್ ದಾಟಿದ ಎಚ್‌ಟಿಎಂಎಲ್ ಅನ್ನು ನಡುವೆಯೇ ಕತ್ತರಿಸಿ ತೋರಿಸುತ್ತದೆ. ಒಂದು ಸಂಕೇತಕ್ಕೆ 3 ಬೈಟ್ ತೆಗೆದುಕೊಳ್ಳುವ ಕನ್ನಡಕ್ಕೆ ಈ ಮಿತಿ ಇಂಗ್ಲಿಷಿಗಿಂತ ಬೇಗ ಬರುತ್ತದೆ.

ಪಿಡಿಎಫ್ ಬಿಲ್ಲು ಲಗತ್ತಿಸುವವರಿಗೆ ಒಂದು ಎಚ್ಚರಿಕೆ. ಪೈಥಾನ್‌ನಲ್ಲಿ ಪಿಡಿಎಫ್ ಮಾಡುವ ಕೆಲವು ಲೈಬ್ರರಿಗಳು ಕನ್ನಡದ ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ಕ್ಷ ಬಿಡಿಸಿಕೊಂಡು ಅರ್ಧ ಕ, ಷ ಆಗಿ ನಿಲ್ಲುತ್ತದೆ. ವೀಸಿಪ್ರಿಂಟ್ ಎಂಬ ಲೈಬ್ರರಿ ತನ್ನ ಪಠ್ಯವನ್ನು ಅಕ್ಷರ ಜೋಡಿಸುವ ಪ್ಯಾಂಗೋ ಮೂಲಕ ಜೋಡಿಸುವುದರಿಂದ ಕನ್ನಡ ಶುದ್ಧವಾಗಿ ಬರುತ್ತದೆ, ಸರ್ವರ್‌ನಲ್ಲಿ ಕನ್ನಡ ಫಾಂಟ್ ಇದ್ದರೆ ಸಾಕು. ಸಿದ್ಧವಾದ ಪಿಡಿಎಫ್‌ನ ಬೈಟ್‌ಗಳನ್ನು ಅಟ್ಯಾಚ್ ಮೆಥಡ್‌ಗೆ ಕಡತದ ಹೆಸರು ಮತ್ತು ಮೈಮ್ ಪ್ರಕಾರದೊಂದಿಗೆ ಕೊಡಿ. ಲಗತ್ತು ಬೇಸ್64 ಆಗಿ ಹೋಗುವುದರಿಂದ ಗಾತ್ರ ಮೂರನೇ ಒಂದರಷ್ಟು ಹಿಗ್ಗುತ್ತದೆ ಎಂಬುದು ನೆನಪಿರಲಿ.

ಯಾವ ಕ್ಷಣದಲ್ಲಿ ಕಳುಹಿಸಬೇಕು

ಎಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸಬೇಕಾದ ಜಾಗ ಇದು.

ಟೆಂಡರ್ ಮುಗಿಸುವ ಬಟನ್ ಒತ್ತಿದಾಗ ನಮ್ಮ ಕೋಡ್ ಒಂದು ಡೇಟಾಬೇಸ್ ಟ್ರಾನ್ಸಾಕ್ಷನ್ (ಉಳಿದರೆ ಎಲ್ಲವೂ ಉಳಿಯುವ, ಅಳಿದರೆ ಎಲ್ಲವೂ ಅಳಿಯುವ ಬರಹಗಳ ಕಟ್ಟು) ಒಳಗೆ ಲಾಟಿನ ದರ ಬರೆಯುತ್ತದೆ, ಸದಸ್ಯರ ಖಾತೆಗೆ ಜಮಾ ಬರೆಯುತ್ತದೆ, ಹಮಾಲಿ ಮುಂತಾದ ಖರ್ಚು ಕಳೆಯುತ್ತದೆ. ಈ ನಡುವೆ ಸೆಂಡ್_ಮೇಲ್ ಕರೆದಿದ್ದೇವೆ ಎಂದುಕೊಳ್ಳಿ. ಮೇಲ್ ಹೊರಟುಹೋಯಿತು. ಮುಂದಿನ ಸಾಲಿನಲ್ಲಿ ಏನೋ ದೋಷ, ಟ್ರಾನ್ಸಾಕ್ಷನ್ ಪೂರ್ತಿ ಹಿಂದಕ್ಕೆ ಸರಿಯಿತು. ಡೇಟಾಬೇಸ್‌ನಲ್ಲಿ ಮಾರಾಟವೇ ಆಗಿಲ್ಲ, ಆದರೆ ಬೆಳೆಗಾರರ ಮಗನ ಕೈಯಲ್ಲಿ ಇಷ್ಟು ಲಕ್ಷ ಜಮಾ ಎಂಬ ಮೇಲ್ ಇದೆ. ಡೇಟಾಬೇಸ್ ಬರೆದದ್ದನ್ನು ಅಳಿಸಬಲ್ಲದು, ಹೋದ ಮೇಲ್ ಅನ್ನು ಯಾರೂ ವಾಪಸ್ ಕರೆಯಲಾರರು.

ಸರಳ ಪರಿಹಾರ ಟ್ರಾನ್ಸಾಕ್ಷನ್.ಆನ್_ಕಮಿಟ್. ಅದಕ್ಕೆ ಒಂದು ಫಂಕ್ಷನ್ ಕೊಟ್ಟರೆ ಟ್ರಾನ್ಸಾಕ್ಷನ್ ಗಟ್ಟಿಯಾದ ಮೇಲಷ್ಟೇ ಜಾಂಗೋ ಅದನ್ನು ಕರೆಯುತ್ತದೆ, ಹಿಂದಕ್ಕೆ ಸರಿದರೆ ಕರೆಯುವುದೇ ಇಲ್ಲ. ನೋಂದಣಿಯ ಸ್ವಾಗತ, ಸಭೆಯ ಸೂಚನೆ ಮುಂತಾದವಕ್ಕೆ ಇದು ಸಾಕು.

ಆದರೆ ಹಣದ ಮೇಲ್‌ಗೆ ಇದೂ ಸಾಲದು. ಟ್ರಾನ್ಸಾಕ್ಷನ್ ಗಟ್ಟಿಯಾಯಿತು, ಅದೇ ಗಳಿಗೆಯಲ್ಲಿ ಮೇಲ್ ಸರ್ವರ್ ಉತ್ತರಿಸಲಿಲ್ಲ ಅಥವಾ ನಮ್ಮದೇ ಸರ್ವರ್ ಮರುಪ್ರಾರಂಭವಾಯಿತು ಎಂದರೆ ಮೇಲ್ ಕಳೆದೇ ಹೋಯಿತು, ಎಲ್ಲಿಯೂ ಗುರುತಿಲ್ಲ. ಅದಕ್ಕೆ ನಾವು ಹೊರಡುವ ಮೇಲ್‌ಗಳಿಗೇ ಒಂದು ಟೇಬಲ್ ಮಾಡಿದ್ದೇವೆ. ಮಾರಾಟ ಬರೆಯುವ ಅದೇ ಟ್ರಾನ್ಸಾಕ್ಷನ್‌ನೊಳಗೆ ಈ ಟೇಬಲ್‌ಗೂ ಒಂದು ಸಾಲು ಸೇರುತ್ತದೆ: ಯಾರಿಗೆ, ಯಾವ ಲಾಟಿಗೆ, ಯಾವ ಬಗೆಯ ಮೇಲ್, ಸ್ಥಿತಿ ಕಾದಿದೆ. ಮಾರಾಟ ಉಳಿದರೆ ಈ ಸಾಲೂ ಉಳಿಯುತ್ತದೆ, ಅಳಿದರೆ ಎರಡೂ ಅಳಿಯುತ್ತವೆ. ಸದಸ್ಯ, ಲಾಟು, ಬಗೆ ಈ ಮೂರರ ಮೇಲೆ ಯೂನಿಕ್ ನಿರ್ಬಂಧ ಹಾಕಿದ್ದೇವೆ. ಗುಮಾಸ್ತರು ಬಟನ್ ಎರಡು ಸಲ ಒತ್ತಿದರೂ ಮೇಲ್ ಒಂದೇ.

ಆ ಬಳಿಕ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಿಂದ ನಿಮಿಷಕ್ಕೊಮ್ಮೆ ಓಡುವ ಒಂದು ಮ್ಯಾನೇಜ್‌ಮೆಂಟ್ ಕಮಾಂಡ್ ಕಾದಿರುವ ಸಾಲುಗಳನ್ನು ಎತ್ತಿಕೊಳ್ಳುತ್ತದೆ. ಹಿಂದಿನ ಓಟ ಮುಗಿಯುವ ಮೊದಲೇ ಮುಂದಿನದು ಶುರುವಾದರೆ ಇಬ್ಬರೂ ಒಂದೇ ಸಾಲನ್ನು ಎತ್ತಿಕೊಳ್ಳದಂತೆ ಸೆಲೆಕ್ಟ್_ಫಾರ್_ಅಪ್‌ಡೇಟ್ ಬಳಸಿ, ಸ್ಕಿಪ್_ಲಾಕ್ಡ್ ಟ್ರೂ ಇರಲಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಎತ್ತಿಕೊಂಡ ಕೂಡಲೇ ಸ್ಥಿತಿಯನ್ನು ಹೋಗುತ್ತಿದೆ ಎಂದು ಬದಲಿಸಿ ಗಟ್ಟಿ ಮಾಡಿ, ಆಮೇಲೆ ಕಳುಹಿಸಿ, ಆಮೇಲೆ ಹೋಯಿತು ಎಂದು ಬರೆಯಿರಿ. ಕಳುಹಿಸಿದ ಮೇಲೆ, ಹೋಯಿತು ಎಂದು ಬರೆಯುವ ಮೊದಲು ಕರೆಂಟು ಹೋದರೆ? ಆ ಸಾಲು ಹೋಗುತ್ತಿದೆ ಎಂಬಲ್ಲೇ ನಿಲ್ಲುತ್ತದೆ. ಅಂಥದ್ದನ್ನು ಕೋಡ್ ತಾನಾಗಿ ಮತ್ತೆ ಕಳುಹಿಸಕೂಡದು ಎಂಬುದು ನನ್ನ ಖಚಿತ ನಿಲುವು. ಒಂದೇ ಮಾರಾಟದ ಎರಡು ಮೇಲ್ ಬಂದರೆ ಎರಡು ಸಲ ಹಣ ಜಮಾ ಆಯಿತೇ ಎಂಬ ಗೊಂದಲ ಹುಟ್ಟುತ್ತದೆ. ಕಚೇರಿಯ ಪರದೆಯಲ್ಲಿ ಅದು ಕೆಂಪಗೆ ಕಾಣಲಿ, ಮನುಷ್ಯರೊಬ್ಬರು ನೋಡಿ ತೀರ್ಮಾನಿಸಲಿ.

ಹಿನ್ನೆಲೆಯ ಕೆಲಸ ನಡೆಸುವ ಸೆಲರಿಯಂಥ ದೊಡ್ಡ ವ್ಯವಸ್ಥೆ ಬೇಡವೇ ಎಂದು ಕೇಳುವವರಿದ್ದಾರೆ. ದಿನಕ್ಕೆ ಲಕ್ಷಾಂತರ ಮೇಲ್ ಕಳುಹಿಸುವವರಿಗೆ ಬೇಕು. ನಮ್ಮಂಥ ಸಂಘಕ್ಕೆ ಒಂದು ಟೇಬಲ್, ಒಂದು ಕ್ರಾನ್ ಸಾಲು ಧಾರಾಳ, ಕೆಟ್ಟರೆ ಯಾರು ಬೇಕಾದರೂ ತೆರೆದು ನೋಡಿ ಅರ್ಥ ಮಾಡಿಕೊಳ್ಳಬಹುದು.

ನಿಜವಾದ ಸರ್ವರ್

ಇಮೇಲ್_ಹೋಸ್ಟ್, ಇಮೇಲ್_ಪೋರ್ಟ್, ಇಮೇಲ್_ಹೋಸ್ಟ್_ಯೂಸರ್, ಇಮೇಲ್_ಹೋಸ್ಟ್_ಪಾಸ್‌ವರ್ಡ್ ಈ ನಾಲ್ಕನ್ನು ಪರಿಸರ ಚರಗಳಿಂದ (ಕೋಡ್‌ನ ಹೊರಗೆ ಸರ್ವರ್‌ನಲ್ಲಿ ಇಡುವ ಮೌಲ್ಯಗಳಿಂದ) ಓದಿ. ಪಾಸ್‌ವರ್ಡ್ ಕೋಡ್ ಜೊತೆ ಗಿಟ್‌ನೊಳಗೆ ಹೋಗಕೂಡದು. ಪೋರ್ಟ್ 587 ಆದರೆ ಇಮೇಲ್_ಯೂಸ್_ಟಿಎಲ್‌ಎಸ್ ಟ್ರೂ. 465 ಆದರೆ ಇಮೇಲ್_ಯೂಸ್_ಎಸ್‌ಎಸ್‌ಎಲ್ ಟ್ರೂ. ಎರಡನ್ನೂ ಒಟ್ಟಿಗೆ ಟ್ರೂ ಮಾಡಿದರೆ ಜಾಂಗೋ ವ್ಯಾಲ್ಯೂಎರರ್ ಕೊಡುತ್ತದೆ. ಡೀಫಾಲ್ಟ್ ಆಗಿರುವ ಪೋರ್ಟ್ 25 ಅನ್ನು ಅನೇಕ ಕ್ಲೌಡ್ ಸೇವೆಗಳು ಹೊರಗಿನ ಸಂಪರ್ಕಕ್ಕೆ ಮುಚ್ಚಿಯೇ ಇಡುತ್ತವೆ. ಅಲ್ಲಿ ಮೇಲ್ ಹೋಗದೆ ಪ್ರೋಗ್ರಾಂ ಸುಮ್ಮನೆ ನೇತಾಡುತ್ತದೆ, ಏಕೆಂದರೆ ಇಮೇಲ್_ಟೈಮ್‌ಔಟ್‌ಗೆ ಡೀಫಾಲ್ಟ್ ಮೌಲ್ಯವೇ ಇಲ್ಲ. ಅದನ್ನು 10 ಸೆಕೆಂಡಿಗೆ ನಿಗದಿ ಮಾಡಿ.

ಜಿಮೇಲ್ ಖಾತೆಯಿಂದಲೇ ಕಳುಹಿಸುವವರು ಎರಡು ಹಂತದ ಪರಿಶೀಲನೆ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಮಾಮೂಲಿ ಪಾಸ್‌ವರ್ಡ್‌ನಿಂದ ಲಾಗಿನ್ ಆಗುವ ದಾರಿಯನ್ನು ಗೂಗಲ್ 2022ರ ಮೇ ತಿಂಗಳಲ್ಲಿ ಮುಚ್ಚಿತು. ವೈಯಕ್ತಿಕ ಖಾತೆಗೆ ದಿನಕ್ಕೆ ಸುಮಾರು 500ರ ಮಿತಿಯೂ ಇದೆ. ಕಲಿಯಲು ಸರಿ, ಸಂಘ ನಡೆಸಲು ಸಾಲದು. ಎಲ್ಲ ಸಿದ್ಧವಾದ ಮೇಲೆ ಮ್ಯಾನೇಜ್.ಪಿವೈ ಜೊತೆ ಸೆಂಡ್‌ಟೆಸ್ಟ್‌ಇಮೇಲ್ ಕಮಾಂಡ್ ಕೊಟ್ಟು ನಿಮ್ಮದೇ ವಿಳಾಸಕ್ಕೆ ಒಂದು ಮೇಲ್ ಕಳುಹಿಸಿ ನೋಡಿ.

ಯಾರ ಹೆಸರಿನಲ್ಲಿ

ಕಳುಹಿಸುವ ವಿಳಾಸ ನಿಮ್ಮದೇ ಡೊಮೇನಿನದಾಗಿರಲಿ, ಆ ಡೊಮೇನಿನ ಸಾರ್ವಜನಿಕ ದಾಖಲೆಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಮೂರು ದಾಖಲೆ ಇರಲಿ. ಈ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಕಳುಹಿಸಬಹುದು ಎಂದು ಎಸ್‌ಪಿಎಫ್ ಹೇಳುತ್ತದೆ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ದಾಖಲೆ, ಅದರೊಳಗಿನ ಡಿಎನ್‌ಎಸ್ ಹುಡುಕಾಟ 10 ಮೀರಬಾರದು. ಮೇಲ್ ದಾರಿಯಲ್ಲಿ ಬದಲಾಗಿಲ್ಲ ಎಂಬುದಕ್ಕೆ ಡಿಕಿಮ್ ಡಿಜಿಟಲ್ ಸಹಿ. ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂದು ಪಡೆಯುವ ಸರ್ವರ್‌ಗೆ ತಿಳಿಸುವುದು ಡಿಮಾರ್ಕ್. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಇವುಗಳ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳುಹಿಸುವವರಿಗೆ ಮೂರೂ ಕಡ್ಡಾಯ. ನಮ್ಮ ಸಂಖ್ಯೆ ಅದರ ಹತ್ತಿರಕ್ಕೂ ಇಲ್ಲ, ಆದರೂ ಮೂರನ್ನೂ ಮೊದಲ ದಿನವೇ ಹಾಕಿಸಿ.

ಸಂಪರ್ಕ ಪುಟದಲ್ಲಿ ಸದಸ್ಯರು ಪ್ರಶ್ನೆ ಬರೆದಾಗ ಅವರದೇ ವಿಳಾಸವನ್ನು ಕಳುಹಿಸುವವರ ಜಾಗದಲ್ಲಿ ಹಾಕುವ ಕೋಡ್ ಇಂದಿಗೂ ಎಲ್ಲೆಡೆ ಕಾಣುತ್ತದೆ. ಅವರ ಡೊಮೇನ್ ಪರವಾಗಿ ಕಳುಹಿಸಲು ನಿಮ್ಮ ಸರ್ವರ್‌ಗೆ ಅನುಮತಿ ಇಲ್ಲ, ಆದ್ದರಿಂದ ಆ ಮೇಲ್ ನಕಲಿಯಂತೆಯೇ ಕಾಣುತ್ತದೆ. ಕಳುಹಿಸುವವರು ಸಂಘವೇ ಆಗಿರಲಿ, ಇಮೇಲ್‌ಮೆಸೇಜ್‌ನ ರಿಪ್ಲೈ_ಟು ಪಟ್ಟಿಯಲ್ಲಿ ಸದಸ್ಯರ ವಿಳಾಸ ಇರಲಿ. ಕಚೇರಿಯವರು ಉತ್ತರಿಸು ಒತ್ತಿದರೆ ಸೀದಾ ಅವರಿಗೇ ಹೋಗುತ್ತದೆ. ಹಾಗೆಯೇ ನಮ್ಮಿಂದ ಹೋಗುವ ಮಾರಾಟದ ಮೇಲ್‌ಗೆ ಉತ್ತರಿಸಬೇಡಿ ಎಂದು ಬರೆಯಬೇಡಿ. ತೂಕದಲ್ಲಿ ಅನುಮಾನವಿದ್ದವರು ಬರೆಯುವುದು ಅಲ್ಲಿಗೇ. ಆ ಉತ್ತರ ಮನುಷ್ಯರು ಓದುವ ಪೆಟ್ಟಿಗೆಗೆ ಬರಬೇಕು.

ಪರೀಕ್ಷೆ, ದೋಷ, ವಾಪಸು

ಟೆಸ್ಟ್ ಓಡಿಸುವಾಗ ಜಾಂಗೋ ತಾನಾಗಿ ಮೇಲ್‌ಗಳನ್ನು ಮೆಮೊರಿಯಲ್ಲಿ ಹಿಡಿದಿಡುತ್ತದೆ. ಮೇಲ್.ಔಟ್‌ಬಾಕ್ಸ್ ಎಂಬ ಪಟ್ಟಿಯಲ್ಲಿ ಎಷ್ಟಿವೆ, ಯಾರಿಗೆ, ವಿಷಯ ಏನು ಎಂದು ಪರಿಶೀಲಿಸಿ. ಟೆಸ್ಟ್‌ಕೇಸ್ ಪ್ರತಿ ಪರೀಕ್ಷೆಯ ಟ್ರಾನ್ಸಾಕ್ಷನ್ ಅನ್ನು ಹಿಂದಕ್ಕೆ ಸರಿಸುವುದರಿಂದ ಆನ್_ಕಮಿಟ್‌ಗೆ ಕೊಟ್ಟ ಫಂಕ್ಷನ್ ಅಲ್ಲಿ ಓಡುವುದೇ ಇಲ್ಲ. ಔಟ್‌ಬಾಕ್ಸ್ ಖಾಲಿ ಕಂಡರೆ ಮೊದಲು ಇದನ್ನು ಸಂಶಯಿಸಿ, ಕ್ಯಾಪ್ಚರ್‌ಆನ್‌ಕಮಿಟ್‌ಕಾಲ್‌ಬ್ಯಾಕ್ಸ್ (ಇದರಲ್ಲಿ ಅಡಿಗೆರೆ ಇಲ್ಲ, ಮೊದಲ ಪದ ಮಾತ್ರ ಚಿಕ್ಕಕ್ಷರದಿಂದ ಶುರು) ಅನ್ನು ಎಕ್ಸಿಕ್ಯೂಟ್ ಟ್ರೂ ಮಾಡಿ ಬಳಸಿ. ಒಂದು ಕನ್ನಡ ಸದಸ್ಯ, ಒಂದು ಇಂಗ್ಲಿಷ್ ಸದಸ್ಯ, ಹೆಸರಿನಲ್ಲಿ ಆ್ಯಂಪರ್‌ಸ್ಯಾಂಡ್ ಇರುವ ಒಬ್ಬ ಖರೀದಿದಾರ, ಒಂದು ಲಕ್ಷ ಮೀರಿದ ಒಂದು ಮೊತ್ತ ಇವಿಷ್ಟು ಪರೀಕ್ಷೆಯಲ್ಲಿ ಇರಲೇಬೇಕು.

ಪುಟಗಳಲ್ಲಿ ದೋಷ ಬಿದ್ದರೆ ಜಾಂಗೋ ಅಡ್ಮಿನ್ಸ್ ಪಟ್ಟಿಯವರಿಗೆ ಮೇಲ್ ಮಾಡುತ್ತದೆ, ಡೀಬಗ್ ಫಾಲ್ಸ್ ಇದ್ದಾಗ. ಕ್ರಾನ್ ಕಮಾಂಡ್‌ನಲ್ಲಿ ಬಿದ್ದ ದೋಷ ಹಾಗೆ ಬರುವುದಿಲ್ಲ. ನೀವೇ ಹಿಡಿದು ಮೇಲ್_ಅಡ್ಮಿನ್ಸ್ ಕರೆಯಬೇಕು. ಆದರೆ ಮೇಲ್ ಸರ್ವರ್ರೇ ಬಿದ್ದಿದ್ದರೆ ಆ ಮೇಲ್ ಕೂಡ ಹೋಗದು. ಅದಕ್ಕಾಗಿ ದೋಷದ ಪಠ್ಯವನ್ನು ಟೇಬಲ್ ಸಾಲಿನಲ್ಲೂ ಬರೆಯಿರಿ. ಎಸ್‌ಎಂಟಿಪಿ ಉತ್ತರದ ಸಂಖ್ಯೆ 4ರಿಂದ ಶುರುವಾದರೆ ತಾತ್ಕಾಲಿಕ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. 5ರಿಂದ ಶುರುವಾದರೆ, ಉದಾಹರಣೆಗೆ 550, ಸರ್ವರ್ ಖಂಡಿತ ನಿರಾಕರಿಸಿದೆ. ಹಾಗೆಯೇ ಬಡಿಯುತ್ತಾ ಹೋದರೆ ನಿಮ್ಮ ಡೊಮೇನಿನ ಹೆಸರೇ ಕೆಡುತ್ತದೆ. ಇಲ್ಲದ ವಿಳಾಸ ಎಂದು ವಾಪಸಾದದ್ದನ್ನು ನಿಷ್ಕ್ರಿಯ ಎಂದು ಗುರುತಿಸಿ, ಆ ಸದಸ್ಯರ ಹೆಸರು ಮತ್ತು ಫೋನ್ ಸಂಖ್ಯೆ ಕಚೇರಿಯ ಪರದೆಯಲ್ಲಿ ಬರುವಂತೆ ಮಾಡಿ. ಗುಮಾಸ್ತರು ಫೋನ್ ಮಾಡಿ ಅಂದಿನ ದರ, ತೂಕ, ಜಮಾ ಓದಿ ಹೇಳಿ, ಹೊಸ ವಿಳಾಸ ಕೇಳಿ ಬರೆದುಕೊಳ್ಳುತ್ತಾರೆ. ವಿಳಾಸ ತಿದ್ದಿ ಉಳಿಸಿದ ಕೂಡಲೇ ಆ ಸಾಲಿನ ಸ್ಥಿತಿ ಮತ್ತೆ ಕಾದಿದೆ ಎಂದಾಗುತ್ತದೆ, ಮುಂದಿನ ನಿಮಿಷದ ಕ್ರಾನ್ ಅದನ್ನು ಎತ್ತಿಕೊಳ್ಳುತ್ತದೆ.